ಎರಡಂಗುಲ ಸಾಲದ ಹಗ್ಗ

ಸಂಘ ಸಂಸ್ಥೆಗಳ ಮಾಸಪತ್ರಿಕೆಗಳಲ್ಲಿ ಲಲಿತ ಪ್ರಬಂಧಕ್ಕೆ ಒಂದೆರಡು ಪುಟ ಯಾವಾಗಲೂ ಮೀಸಲಾಗಿರುತ್ತದೆ. ಕಥೆಗೆ ಬೇಕಾದಷ್ಟು ಬಿಡುವಿಲ್ಲದವರು, ಕವಿತೆಗೆ ಧೈರ್ಯ ಸಾಲದವರು, ಲೋಕಲ್ ಗಾಡಿಯಲ್ಲಿ ಹೊಳೆದದ್ದನ್ನು ಭಾನುವಾರ ಕುಳಿತು ಬರೆದಿಡುವವರು ಈ ಪುಟಗಳನ್ನು ತುಂಬುತ್ತಾರೆ. ಇದನ್ನು ಕೀಳೆಂದು ಎಣಿಸಬೇಕಾಗಿಲ್ಲ. ಕನ್ನಡದ ಒಳ್ಳೆಯ ಗದ್ಯದಲ್ಲಿ ಸಾಕಷ್ಟು ಪಾಲು ಹೀಗೆ ಬಿಡುವಿನಲ್ಲಿ ಹುಟ್ಟಿದ್ದೇ. 2020ರ ಮಾರ್ಚ್ 25ರಂದು ದೇಶಕ್ಕೆ ದೇಶವೇ ಬಾಗಿಲು ಹಾಕಿಕೊಂಡ ಮೇಲೆ ಈ ಪುಟಗಳಲ್ಲಿ ಎರಡು ವಸ್ತುಗಳು ಹೆಚ್ಚಾಗಿ ಕಾಣಿಸಿಕೊಳ್ಳತೊಡಗಿದವು. ಒಂದು, ಬಡಗಿಯನ್ನಾಗಲಿ ಪ್ಲಂಬರನನ್ನಾಗಲಿ ಕರೆಯಲಾಗದೆ ಮನೆಯವರೇ ಕೈಯಾರೆ ಮಾಡಿಕೊಂಡ ಸಣ್ಣಪುಟ್ಟ ಕೆಲಸಗಳು. ಇನ್ನೊಂದು, ಮನೆಯಲ್ಲಿ ಸಾಕಿದ ನಾಯಿ ಬೆಕ್ಕುಗಳು. ಆ ಬಾಗಿಲುಗಳು ಮತ್ತೆ ತೆರೆದು ವರ್ಷಗಳಾದರೂ ಈ ವಸ್ತುಗಳು ಮಾತ್ರ ಮನೆಬಿಟ್ಟು ಹೋಗಿಲ್ಲ.

ವಿಮರ್ಶೆಯ ಕಣ್ಣಿಗೆ ಇಂಥ ಬರಹಗಳು ಬೀಳುವುದು ಕಡಿಮೆ. ನಾಯಿಮರಿ ಚಪ್ಪಲಿ ಕಡಿದದ್ದರಲ್ಲಿ ವಿಮರ್ಶಕನಿಗೇನು ಕೆಲಸ ಎಂದು ಕೇಳುವವರಿದ್ದಾರೆ. ಆದರೆ ಪರವೂರಿನಲ್ಲಿ ಬಾಳುವ ನಮ್ಮಂಥವರ ಮಟ್ಟಿಗೆ ಕನ್ನಡ ಉಳಿದಿರುವುದು ಮನೆಯೊಳಗೆ. ಆಫೀಸು ಇಂಗ್ಲಿಷಿನದು, ಮಾರುಕಟ್ಟೆ ಮರಾಠಿ ಹಿಂದಿಗಳದು. ಹೀಗಿರುವಾಗ ಮನೆಯೊಳಗಿನ ದಿನಚರಿಯನ್ನು ನಮ್ಮ ಗದ್ಯ ಎಷ್ಟರ ಮಟ್ಟಿಗೆ ಹಿಡಿದಿದೆ ಎಂಬುದು ಕ್ಷುಲ್ಲಕ ಪ್ರಶ್ನೆಯಲ್ಲ.

ಈ ಬಗೆಯ ಪ್ರಬಂಧಗಳಿಗೆ ಈಗಾಗಲೇ ಒಂದು ಅಚ್ಚು ಬಿದ್ದುಹೋಗಿದೆ. ವಾಚಕರು ಅದನ್ನು ಬಲ್ಲರು. ಮೊದಲ ಭಾಗದಲ್ಲಿ ಮಗಳು ಬೆಕ್ಕಿನ ಮರಿಯನ್ನು ತರುತ್ತಾಳೆ. ಮನೆಯ ಯಜಮಾನರು ಗುಡುಗುತ್ತಾರೆ. ಎರಡನೆಯ ಭಾಗದಲ್ಲಿ ಮರಿ ಪರದೆ ಹರಿಯುತ್ತದೆ, ಹಾಲು ಚೆಲ್ಲುತ್ತದೆ, ಯಜಮಾನರು ಗೋಡೆಗೆ ಹಲಗೆ ಹೊಡೆಯಲು ಹೋದಾಗ ಮೊಳೆಯ ಡಬ್ಬಿ ಉರುಳಿಸುತ್ತದೆ. ಮೂರನೆಯ ಭಾಗದಲ್ಲಿ ಅದಕ್ಕೆ ಕಾಯಿಲೆ. ಗುಡುಗಿದ ಯಜಮಾನರೇ ನಡುರಾತ್ರಿ ರಿಕ್ಷಾ ಹುಡುಕುತ್ತಾರೆ. ಕೊನೆಗೆ, ಮೂಕಪ್ರಾಣಿಗಳಿಂದ ಮನುಷ್ಯ ಕಲಿಯಬೇಕಾದದ್ದು ಬಹಳವಿದೆ ಎಂಬ ಉಪದೇಶ. ಎರಡನೆಯ ಭಾಗ ಇದ್ದುದರಲ್ಲಿ ಜೀವಂತವಾಗಿರುತ್ತದೆ. ಮೂರನೆಯದು ಬರುತ್ತಲೇ ಬೆಕ್ಕು ಬರಹದಿಂದ ಮಾಯವಾಗಿ ಅದರ ಜಾಗದಲ್ಲಿ ಲೇಖಕರ ಕರುಣೆ ಬಂದು ಕೂಡುತ್ತದೆ. ಮೊಳೆಯ ಡಬ್ಬಿ ಉರುಳಿದ ಮೇಲೆ ಆ ಹಲಗೆ ಏನಾಯಿತು? ಗೋಡೆಗೆ ಏರಿತೇ ಇಲ್ಲವೇ? ಯಾವ ಪ್ರಬಂಧವೂ ಹೇಳುವುದಿಲ್ಲ. ನನಗಂತೂ ಓದುವಾಗಲೆಲ್ಲ ಆ ಹಲಗೆಯದೇ ಚಿಂತೆ.

ಲೇಖಕರಿಗೆ ಈ ಅವಸರ ಎಲ್ಲಿಂದ ಬಂತು? ನಮ್ಮ ಪರಂಪರೆಯನ್ನು ಸ್ವಲ್ಪ ಕೆದಕಿದರೆ ಕಾರಣ ಹೊಳೆಯುತ್ತದೆ. ಕನ್ನಡ ಮಕ್ಕಳು ಮೊದಲು ಕೇಳುವ ಪ್ರಾಣಿಕಥೆ ಪುಣ್ಯಕೋಟಿಯದು. ಅದು ಮಹತ್ತಾದ ಕಥೆ. ಆದರೆ ಅಲ್ಲಿ ಹಸು ಹಸುವಾಗಿರುವುದು ಕರುವಿಗೆ ಹಾಲೂಡುವಷ್ಟು ಹೊತ್ತು ಮಾತ್ರ. ಮಿಕ್ಕಂತೆ ಅದು ಸತ್ಯವೇ ಮೈದಾಳಿ ಬಂದ ಮೂರ್ತಿ. ಎರಡನೆಯದಾಗಿ ಮಕ್ಕಳ ಬಾಯಿಗೆ ಬರುವುದು ಜಿ. ಪಿ. ರಾಜರತ್ನಂ ಅವರ ನಾಯಿಮರಿಯ ಪದ್ಯ. ಅಷ್ಟು ಸೊಗಸಾದ ಪದ್ಯವನ್ನು ಬಿಚ್ಚಿ ನೋಡುವುದು ಅರಸಿಕತೆಯೆನಿಸಬಹುದು. ಆದರೂ ನೋಡಿ, ಅದು ಒಂದು ಕರಾರುಪತ್ರ. ತಿಂಡಿ ಯಾಕೆ ಬೇಕೆಂದು ಮಗು ಕೇಳುತ್ತದೆ. ತಿಂದು ಗಟ್ಟಿಯಾಗಿ ಮನೆ ಕಾಯುತ್ತೇನೆಂದು ಮರಿ ಒಪ್ಪಿಕೊಳ್ಳುತ್ತದೆ. ಕಳ್ಳ ಬಂದರೆ ಏನು ಮಾಡುವೆಯೆಂಬ ಇನ್ನೊಂದು ಪರೀಕ್ಷೆಯೂ ಆಗುತ್ತದೆ. ಅನ್ನಕ್ಕೆ ಪ್ರತಿಯಾಗಿ ಕಾವಲು. ಹಿತ್ತಿಲು, ಕೊಟ್ಟಿಗೆ, ಅಂಗಳಗಳಿದ್ದ ಮನೆಗಳ ಕಾಲಕ್ಕೆ ಈ ಕರಾರು ಸಹಜವಾದದ್ದು. ಆದರೆ ಆರನೆಯ ಮಹಡಿಯ ಫ್ಲ್ಯಾಟಿನಲ್ಲಿ ನಾಯಿಗೆ ಕಾವಲಿನ ಉದ್ಯೋಗವಿಲ್ಲ, ಕೆಳಗೆ ವಾಚ್‌ಮನ್ ಕುಳಿತಿದ್ದಾನೆ. ಬೆಕ್ಕಿಗೆ ಇಲಿ ಹಿಡಿಯುವ ಉದ್ಯೋಗವೂ ಇಲ್ಲ. ಕರಾರು ಮುರಿದುಬಿದ್ದ ಮೇಲೂ ಪ್ರಾಣಿ ಮನೆಯಲ್ಲಿದೆ. ಅದು ಯಾಕಿದೆ ಎಂಬುದಕ್ಕೆ ಹಳೆಯ ಪದ್ಯದಲ್ಲಿ ಉತ್ತರ ಸಿಕ್ಕದೆ, ನಮ್ಮ ಲೇಖಕರು ಅದಕ್ಕೆ ಉಪದೇಶಕನ ಕೆಲಸವನ್ನಾದರೂ ಕೊಡಿಸಿಬಿಡುತ್ತಾರೆ.

ಸಿನಿಮಾದವರು ಈ ವಿಷಯದಲ್ಲಿ ಇನ್ನೂ ಮುಂದೆ. ವಿಜಯ್ ರೆಡ್ಡಿಯವರು 1984ರಲ್ಲಿ ಕನ್ನಡದಲ್ಲಿ 'ತಾಳಿಯ ಭಾಗ್ಯ' ತೆಗೆದು, ಮರುವರ್ಷ ಅದನ್ನೇ ಹಿಂದಿಯಲ್ಲಿ 'ತೇರಿ ಮೆಹರ್ಬಾನಿಯಾಂ' ಎಂದು ಮಾಡಿದರು. ಒಡೆಯನನ್ನು ಕೊಂದವರ ಮೇಲೆ ಅಲ್ಲಿ ನಾಯಿಯೇ ಸೇಡು ತೀರಿಸಿಕೊಳ್ಳುತ್ತದೆ. 1994ರ 'ಹಮ್ ಆಪ್ಕೆ ಹೈ ಕೌನ್'ನಲ್ಲಿ ಟಫಿ ಎಂಬ ಬಿಳಿಯ ನಾಯಿ ಕ್ರಿಕೆಟ್ ಆಟಕ್ಕೆ ಅಂಪೈರಾಗಿ ನಿಂತು, ಕೊನೆಗೆ ಒಂದು ಕಾಗದವನ್ನು ತಲುಪಬೇಕಾದವರಿಗೆ ತಲುಪಿಸಿ ಮದುವೆಯನ್ನೇ ನೇರಮಾಡಿತು. ಸೇಡು, ತೀರ್ಪು, ಟಪಾಲು. ನಾಯಿಯೊಂದು ಸುಮ್ಮನೆ ನಾಯಿಯಾಗಿರುವುದಕ್ಕೆ ಮಾತ್ರ ಯಾರೂ ಅವಕಾಶ ಕೊಡಲಿಲ್ಲ.

ಹಾಗಾದರೆ ಕನ್ನಡದಲ್ಲಿ ನಾಯಿ ನಾಯಿಯಾಗಿ ಬಂದೇ ಇಲ್ಲವೇ? ಬಂದಿದೆ, ಬಹಳ ದೊಡ್ಡದಾಗಿ ಬಂದಿದೆ. ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' (1967) ಓದಿದವರು ಹುಲಿಯನನ್ನು ಮರೆಯುವುದು ಸಾಧ್ಯವಿಲ್ಲ. ಗುತ್ತಿಗೆ ನಾಯಿಗುತ್ತಿ ಎಂಬ ಹೆಸರೇ ಬಿದ್ದದ್ದು ಈ ನಾಯಿಯಿಂದ. ಒಡೆಯನ ಹೆಸರಿಗೆ ನಾಯಿ ಸೇರಿಕೊಳ್ಳುವುದು ನಗುವಿನ ಸಂಗತಿಯೆಂದು ಮೊದಲು ತೋರುತ್ತದೆ. ಓದುತ್ತ ಹೋದಂತೆ ಅದು ಬರಿಯ ಅಡ್ಡಹೆಸರಲ್ಲ, ಇಬ್ಬರಿಗೂ ಸೇರಿದ ಒಂದೇ ಹೆಸರೆಂದು ಗೊತ್ತಾಗುತ್ತದೆ. ಗುತ್ತಿ ಜೀತದಾಳು. ಅವನಿಗೆ ಯಾವಾಗಲೂ ಹೋಗಬೇಕಾದ ದಾರಿ, ಮುಗಿಸಬೇಕಾದ ಕೆಲಸ ಒಂದಿಲ್ಲೊಂದು ಇರುತ್ತದೆ. ಹುಲಿಯ ಆ ದಾರಿಯ ಜತೆಗಾರ. ಕುವೆಂಪು ಎಲ್ಲಿಯೂ ಕಥೆಯನ್ನು ನಿಲ್ಲಿಸಿ, 'ಗುತ್ತಿಗೆ ಹುಲಿಯನ ಮೇಲೆ ಎಂಥ ಮಮತೆ ನೋಡಿ' ಎಂದು ನಮ್ಮ ಭುಜ ತಟ್ಟುವುದಿಲ್ಲ. ಗುತ್ತಿ ನಡೆಯುತ್ತಾನೆ, ನಾಯಿಯೂ ನಡೆಯುತ್ತದೆ. ಈ ನಡಿಗೆಯಿಂದಲೇ ನಾಯಿಯ ಒಡನಾಟ ನಮ್ಮ ಮೈಗೆ ಹತ್ತುತ್ತದೆ. ಆದ್ದರಿಂದಲೇ ಮಳೆಗಾಲದ ತುಂಬು ತುಂಗೆಯಲ್ಲಿ ಹುಲಿಯ ಪ್ರವಾಹದ ಪಾಲಾಗುವಾಗ ಓದುಗನ ಎದೆ ಒಡೆಯುತ್ತದೆ. ಇಲ್ಲಿ ಕಣ್ಣೀರು ಕೇಳಿ ಪಡೆದದ್ದಲ್ಲ. ನೂರಾರು ಪುಟ ಒಟ್ಟಿಗೆ ನಡೆದದ್ದಕ್ಕೆ ತಾನಾಗಿ ಬಂದದ್ದು.

ತೇಜಸ್ವಿಯವರ ಕಿವಿ ಬೇರೆ ಬಗೆಯದು. ಉದ್ದ ಕಿವಿಗಳ ಸ್ಪೇನಿಯಲ್; ಅದಕ್ಕೇ ಆ ಹೆಸರು. 'ಕರ್ವಾಲೋ' (1980) ಕಾದಂಬರಿಯಲ್ಲಿ ಹಾರುವ ಓತಿಯನ್ನು ಹುಡುಕಿ ಕಾಡಿಗೆ ಹೊರಟ ತಂಡದಲ್ಲಿ ವಿಜ್ಞಾನಿ ಕರ್ವಾಲೋ, ಮಂದಣ್ಣ, ಪ್ರಭಾಕರ, ಬಿರಿಯಾನಿ ಕರಿಯಪ್ಪ, ಎಂಗ್ಟ ಇವರ ಜತೆಗೆ ಕಿವಿಯೂ ಒಬ್ಬ. ಮುಂದೆ 'ಪರಿಸರದ ಕಥೆ'ಯಲ್ಲಿಯೂ (1991) ಅದು ಸುಳಿದಾಡುತ್ತದೆ. ತೇಜಸ್ವಿಯವರ ಗದ್ಯದ ಒಂದು ಗುಟ್ಟು ಇಲ್ಲಿದೆ. ಅವರ ನಿರೂಪಕ ಯಾವಾಗಲೂ ಏನಾದರೊಂದು ಕೆಲಸದಲ್ಲಿ ಸಿಕ್ಕಿಕೊಂಡಿರುತ್ತಾನೆ. ಗದ್ದೆಗೆ ಬಂದ ರೋಗ, ಜೇನು, ಮೀನಿನ ಗಾಳ, ಕೈಕೊಟ್ಟ ಯಂತ್ರ. ಅವನ ಗಮನ ಆ ಕೆಲಸದ ಮೇಲೆ. ನಾಯಿಯ ಗಮನ ಅದರ ಮೂಗಿನ ಮೇಲೆ. ಎರಡು ಗಮನಗಳು ಒಂದಕ್ಕೊಂದು ಅಡ್ಡ ಹಾಯುವಲ್ಲಿ ನಗು ಹುಟ್ಟುತ್ತದೆ, ಎಷ್ಟೋ ಸಲ ಜ್ಞಾನವೂ ಹುಟ್ಟುತ್ತದೆ. ನಾಯಿಯನ್ನು ಅರ್ಥಮಾಡಿಕೊಂಡೆನೆಂದು ಅವನೆಲ್ಲೂ ಜಂಬ ಪಡುವುದಿಲ್ಲ. ಕಿವಿಗೆ ತನ್ನದೇ ಆದ ಒಂದು ಲೋಕವಿದೆ, ಅದರ ಬಾಗಿಲವರೆಗೆ ಮಾತ್ರ ತಾನು ಹೋಗಬಲ್ಲೆ ಎಂಬ ಮರ್ಯಾದೆ ಅವನಲ್ಲಿದೆ.

ತಂದೆಯ ಹುಲಿಯ, ಮಗನ ಕಿವಿ ಇವೆರಡನ್ನೂ ಎದುರಿಗಿಟ್ಟುಕೊಂಡರೆ ನನಗೆ ಒಂದು ಮಾತು ನಿಶ್ಚಯವಾಗಿ ಕಾಣುತ್ತದೆ. ಬರಹದಲ್ಲಿ ಸಾಕುಪ್ರಾಣಿ ಜೀವ ತಳೆಯಬೇಕಾದರೆ ಅದರ ಪಕ್ಕದಲ್ಲಿ ಮನುಷ್ಯನ ಕೈ ಯಾವುದಾದರೂ ಕೆಲಸದಲ್ಲಿ ತೊಡಗಿರಬೇಕು. ಕೈ ಬಿಡುವಾಗಿ ನಾಯಿಯ ತಲೆ ಸವರುತ್ತ ಕುಳಿತರೆ ನಮಗೆ ಕಾಣುವುದು ಕೈಯೇ ಹೊರತು ನಾಯಿಯಲ್ಲ.

2022ರ ಜೂನ್ 10ರಂದು ತೆರೆಕಂಡ '777 ಚಾರ್ಲಿ'ಯನ್ನು ಈ ಮಾತಿನ ಒರೆಗಲ್ಲಿಗೆ ಹಚ್ಚಿ ನೋಡೋಣ. ಕಿರಣ್‌ರಾಜ್ ನಿರ್ದೇಶಿಸಿದ ಈ ಚಿತ್ರ ಮುಂಬಯಿ, ಪುಣೆ, ಚೆನ್ನೈಗಳಲ್ಲಿಯೂ ಓಡಿತು. ಅತ್ಯುತ್ತಮ ಕನ್ನಡ ಚಿತ್ರವೆಂಬ ರಾಷ್ಟ್ರಪ್ರಶಸ್ತಿಯೂ ಬಂತು. ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿಯವರು ಚಿತ್ರ ನೋಡಿ ಅತ್ತದ್ದು ಪತ್ರಿಕೆಗಳಲ್ಲಿ ಬಂದಿತ್ತು. ಇಷ್ಟು ಜನರ ಕಣ್ಣು ತೇವಗೊಳಿಸಿದ ಚಿತ್ರವನ್ನು ಟೀಕಿಸುವುದು ಅಷ್ಟು ಸುಲಭವಲ್ಲ. ಆದರೂ ಹೇಳಲೇಬೇಕು.

ಚಿತ್ರದ ಮೊದಲ ಅರ್ಧ ನಿಜಕ್ಕೂ ಒಳ್ಳೆಯದು. ಧರ್ಮ (ರಕ್ಷಿತ್ ಶೆಟ್ಟಿ) ಕಾರ್ಖಾನೆಯ ಕೆಲಸಗಾರ, ಒಂಟಿ, ಸಿಡುಕ. ಕಾಲೊನಿಯ ಮಕ್ಕಳಿಗೆ ಅವನೆಂದರೆ ಭಯ. ಇಡ್ಲಿ, ಬಿಯರು, ಸಿಗರೇಟು, ಟಿವಿಯಲ್ಲಿ ಚಾಪ್ಲಿನ್ನನ ಸಿನಿಮಾ, ಇವಿಷ್ಟೇ ಅವನ ದಿನ. ತಳಿ ಮಾರುವವನೊಬ್ಬನ ಹಿಂಸೆಯಿಂದ ತಪ್ಪಿಸಿಕೊಂಡು ಬಂದ ಲ್ಯಾಬ್ರಡಾರ್ ಹೆಣ್ಣುಮರಿ ಈ ದಿನಚರಿಗೆ ನುಗ್ಗುತ್ತದೆ. ಅದು ಮನೆಯನ್ನು ಚಿಂದಿಮಾಡುವ ದೃಶ್ಯಗಳಲ್ಲಿ ನಟನಿಗಾಗಲಿ ನಾಯಿಗಾಗಲಿ ಉಪದೇಶದ ಹೊರೆಯಿಲ್ಲ. ಒಂದು ಒಂಟಿ ಮನೆಯೊಳಗೆ ಎರಡನೆಯ ಜೀವವೊಂದು ಜಾಗ ಮಾಡಿಕೊಳ್ಳುವ ಪರಿ ಅಷ್ಟೇ. ಮನೆಯ ವಸ್ತುಗಳೇ ಅಲ್ಲಿ ಸಂಭಾಷಣೆ. ಇಂಟರ್‌ವಲ್ಲಿನ ಆಚೆ ಚಿತ್ರ ಮನೆಯನ್ನು ಬಿಟ್ಟು ಹೊರಡುತ್ತದೆ. ನಾಯಿಗೆ ಕ್ಯಾನ್ಸರ್, ಒಂದೇ ರಕ್ತದೊಳಗೆ ಮತ್ತೆ ಮತ್ತೆ ತಳಿ ಬೆಳೆಸಿದ್ದರ ಫಲ. ಹಿಮ ಕಂಡರೆ ಅದಕ್ಕೆ ಹಿಗ್ಗು ಎಂದು ಧರ್ಮ ಅದನ್ನು ಮೋಟರ್‌ಸೈಕಲ್ಲಿನ ಪಕ್ಕದ ಗಾಡಿಯಲ್ಲಿ ಕೂಡಿಸಿಕೊಂಡು ಉತ್ತರದ ಹಿಮಪರ್ವತಗಳತ್ತ ಹೊರಡುತ್ತಾನೆ. ತಳಿವ್ಯಾಪಾರದ ಕ್ರೌರ್ಯವನ್ನು ಬಯಲಿಗೆಳೆದದ್ದು ಚಿತ್ರದ ದೊಡ್ಡ ಗುಣ ಎಂಬುದನ್ನು ಅಲ್ಲಗಳೆಯುವಂತಿಲ್ಲ. ಆದರೆ ಕಲೆಯ ದೃಷ್ಟಿಯಿಂದ ನೋಡಿದಾಗ, ಮನೆ ಹಿಂದೆ ಸರಿದಂತೆಲ್ಲ ಚಾರ್ಲಿ ನಾಯಿಯಾಗಿರುವುದು ಕಡಿಮೆಯಾಗಿ ಧರ್ಮನ ಪ್ರಾಯಶ್ಚಿತ್ತದ ಸಾಧನವಾಗುತ್ತದೆ. ಪುಣ್ಯಕೋಟಿ ಮತ್ತೆ ಬಂದಳು, ಈ ಸಲ ಹಿಮದ ಮೇಲೆ! ನನ್ನ ನೆನಪಿನಲ್ಲಿ ಆ ಹಿಮಕ್ಕಿಂತ ಚೆನ್ನಾಗಿ ಉಳಿದಿರುವುದು ಪಕ್ಕದ ಗಾಡಿ. ನಾಯಿಯ ಮೈಯಳತೆಗೆ ಹೊಂದುವ ಒಂದು ಆಸನ ಎಂದರೆ ಅದರಲ್ಲಿ ಎಷ್ಟೊಂದು ಗಮನ ಅಡಗಿದೆ! ಧರ್ಮನ ಪ್ರೀತಿ ಸಾಬೀತಾಗುವುದಕ್ಕೆ ನನ್ನ ಮಟ್ಟಿಗೆ ಅಷ್ಟೇ ಸಾಕಾಗಿತ್ತು, ಸಾವಿರಾರು ಮೈಲಿ ಬೇಕಿರಲಿಲ್ಲ.

ಹುಲಿಯ, ಕಿವಿ ಇಬ್ಬರೂ ಮಲೆನಾಡಿನ ಬಯಲಿಗೆ ಸೇರಿದವರು, ಕಾಡಿಲ್ಲದ ಫ್ಲ್ಯಾಟಿನ ಬಾಳಿಗೆ ಅವರಿಂದ ಏನು ಮಾದರಿ ಎಂದು ಯಾರಾದರೂ ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ. ನಾಲ್ಕು ಗೋಡೆಗಳ ನಡುವಿನ ತುಂಟಾಟಕ್ಕೆ ನಮ್ಮಲ್ಲಿ ಬೇರೆಯೇ ಒಂದು ಮಾದರಿಯಿದೆ, ಅದೂ ಬಹಳ ಹಳೆಯದು. ಭಾಗವತದ ಹತ್ತನೆಯ ಸ್ಕಂಧದಲ್ಲಿ ಯಶೋದೆ ಕೃಷ್ಣನನ್ನು ಒರಳಿಗೆ ಕಟ್ಟುವ ಪ್ರಸಂಗವನ್ನು ನೆನೆಸಿಕೊಳ್ಳಿ. ಭಕ್ತಿಯನ್ನು ಒಂದು ಗಳಿಗೆ ಪಕ್ಕಕ್ಕಿಟ್ಟು, ಅದನ್ನು ಮನೆಗೆಲಸದ ವರದಿಯೆಂದೇ ಓದಿ. ಯಶೋದೆ ಮೊಸರು ಕಡೆಯುತ್ತಿದ್ದಾಳೆ. ಮಗು ಬಂದು ಕಡೆಗೋಲು ಹಿಡಿದು ನಿಲ್ಲುತ್ತದೆ. ಕೆಲಸ ಬಿಟ್ಟು ಹಾಲೂಡುತ್ತಾಳೆ. ಅಷ್ಟರಲ್ಲಿ ಒಲೆಯ ಮೇಲಿನ ಹಾಲು ಉಕ್ಕುತ್ತದೆ. ಮಗುವನ್ನು ಕೆಳಗಿಟ್ಟು ಓಡುತ್ತಾಳೆ. ಸಿಟ್ಟಾದ ಮಗು ಮೊಸರಿನ ಗಡಿಗೆ ಒಡೆಯುತ್ತದೆ. ಮಗುಚಿದ ಒರಳಿನ ಮೇಲೆ ಹತ್ತಿ ಬೆಣ್ಣೆ ತಿಂದು ಕೋತಿಗಳಿಗೂ ಹಂಚುತ್ತದೆ. ಕೋಲು ಹಿಡಿದು ಅಟ್ಟಿಸಿಕೊಂಡು ಹೋಗಿ ಹಿಡಿದು ತಂದು ಕಟ್ಟಲು ಹೋದರೆ ಹಗ್ಗ ಎರಡಂಗುಲ ಸಾಲದು. ಇನ್ನೊಂದು ಹಗ್ಗ ಸೇರಿಸುತ್ತಾಳೆ. ಮತ್ತೂ ಎರಡಂಗುಲ ಸಾಲದು. ಮನೆಯ ಹಗ್ಗವೆಲ್ಲ ಮುಗಿದರೂ ಅದೇ ಎರಡಂಗುಲ.

ದೊಡ್ಡ ವ್ಯಾಖ್ಯಾನಕಾರರು ಈ ಎರಡಂಗುಲಕ್ಕೆ ದೊಡ್ಡ ಅರ್ಥಗಳನ್ನು ಹೇಳಿದ್ದಾರೆ. ಮನೆಯಲ್ಲಿ ಎಂದಾದರೂ ಹಲಗೆ ಕೂಡಿಸಿದವರಿಗೆ, ಪರದೆಯ ಸರಳು ಅಳೆದವರಿಗೆ ಇನ್ನೊಂದು ಅರ್ಥ ತಾನಾಗಿ ಹೊಳೆಯುತ್ತದೆ. ಯಾವ ಮನೆಗೆಲಸವಾದರೂ ಸಾಲದೆ ಹೋಗುವುದು ಸರಿಯಾಗಿ ಎರಡೇ ಅಂಗುಲ! ಇರಲಿ, ಈ ಪ್ರಸಂಗದ ಕಟ್ಟಡವನ್ನು ಗಮನಿಸಬೇಕು. ಮೊದಲಿನಿಂದ ಕೊನೆಯವರೆಗೂ ಒಂದು ಕೆಲಸ ನಡೆಯುತ್ತಿದೆ, ಕೆಡುತ್ತಿದೆ, ಮತ್ತೆ ನಡೆಯುತ್ತಿದೆ. ಲೀಲೆ ಕಾಣಿಸುವುದೇ ಕೆಲಸದ ಮೇಲೆ ಬಿದ್ದಾಗ. ಕಡೆಗೋಲಿಲ್ಲದೆ, ಉಕ್ಕುವ ಹಾಲಿಲ್ಲದೆ ಮಗು ಬರಿದೆ ಕುಣಿದಿದ್ದರೆ ಇಷ್ಟು ಶತಮಾನ ಯಾರು ನೆನಪಿಡುತ್ತಿದ್ದರು? ಮುಂದೆ ನಮ್ಮ ದಾಸರು ಈ ಬಾಲಲೀಲೆಯನ್ನು ಹಾಡುವಾಗ ಬಹುತೇಕ ದೂರಿನ ರೂಪವನ್ನೇ ಆರಿಸಿಕೊಂಡರು. ಗೋಪಿಯರು ಬಂದು ಯಶೋದೆಗೆ ಚಾಡಿ ಹೇಳುತ್ತಾರೆ, ನಿನ್ನ ಮಗ ಹೀಗೆ ಮಾಡಿದ, ಹಾಗೆ ಮಾಡಿದ ಎಂದು. ಒಂದೊಂದು ದೂರಿನಲ್ಲೂ ಎಷ್ಟು ಹತ್ತಿರದಿಂದ ನೋಡಿದ ವಿವರ! ಅವರ ಪ್ರೀತಿಗೆ ಬೇರೆ ಪುರಾವೆ ಬೇಡ. ತುಂಟ ಪ್ರಾಣಿಯನ್ನು ಕುರಿತು ಬರೆಯುವ ಕನ್ನಡ ಲೇಖಕನಿಗೆ ಇದಕ್ಕಿಂತ ಒಳ್ಳೆಯ ಪಾಠಶಾಲೆ ಸಿಕ್ಕಲಾರದು. ದೂರು ಕೊಡಿ, ಪೂರ್ತಿಯಾಗಿ ಕೊಡಿ, ಕೊನೆಯಲ್ಲಿ ರಾಜಿಯಾಗಬೇಡಿ.

ಇಂಗ್ಲಿಷಿನಲ್ಲಿ ಈ ಕಲೆಯನ್ನು ಜೆರೋಮ್ ಕೆ. ಜೆರೋಮ್ ಬಲ್ಲವನಾಗಿದ್ದ. 1889ರಲ್ಲಿ ಬಂದ ಅವನ 'ಥ್ರೀ ಮೆನ್ ಇನ್ ಎ ಬೋಟ್'ನ ಮೂರನೆಯ ಅಧ್ಯಾಯದಲ್ಲಿ ಪೋಡ್ಜರ್ ಮಾವ ಗೋಡೆಗೆ ಒಂದು ಚಿತ್ರಪಟ ತೂಗುಹಾಕಲು ಇಡೀ ಮನೆಯನ್ನು ಕುಣಿಸಿ, ನಡುರಾತ್ರಿಯ ಹೊತ್ತಿಗೆ ಸೊಟ್ಟಗೆ ತೂಗುಹಾಕಿ ತೃಪ್ತನಾಗುತ್ತಾನೆ. ನಾಲ್ಕನೆಯ ಅಧ್ಯಾಯದಲ್ಲಿ ಪ್ರಯಾಣಕ್ಕೆ ಸಾಮಾನು ಕಟ್ಟುವಾಗ ಮಾಂಟ್‌ಮೊರೆನ್ಸಿ ಎಂಬ ನಾಯಿ ಜಾಮಿನೊಳಗೆ ಕಾಲಿಟ್ಟು, ನಿಂಬೆಹಣ್ಣುಗಳನ್ನು ಇಲಿಗಳೆಂದು ಭಾವಿಸಿ ಮೂರನ್ನು ಮುಗಿಸುತ್ತದೆ. ಮನೆಗೆಲಸದ ಮಾವ ಒಂದು ಅಧ್ಯಾಯದಲ್ಲಿ, ತುಂಟನಾಯಿ ಮುಂದಿನದರಲ್ಲಿ. ಇಬ್ಬರನ್ನೂ ಒಂದೇ ಕೋಣೆಗೆ ಜೆರೋಮ್ ತರದೆ ಹೋದದ್ದು ನನಗೆ ಇವತ್ತಿಗೂ ಒಂದು ಕೊರಗು. ಆದರೆ ಅವನು ನಾಯಿಗೆ ಕಾಯಿಲೆ ತರಿಸಲಿಲ್ಲ, ನಮ್ಮಿಂದ ಕಣ್ಣೀರು ಬೇಡಲಿಲ್ಲ. ಅಷ್ಟರ ಮಟ್ಟಿಗೆ ನಮ್ಮ ಲಲಿತ ಪ್ರಬಂಧಕಾರರು ಅವನಿಂದ ಕಲಿಯಬಹುದು.

ಮುಂಬಯಿಯ ಫ್ಲ್ಯಾಟುಗಳಲ್ಲಿ ನಡೆಯುವ ಒಂದು ಸಾಮಾನ್ಯ ಕೆಲಸವನ್ನು ಹಿಡಿದು ನೋಡಿದರೆ ಬರಹಕ್ಕೆ ಎಷ್ಟು ಸರಕಿದೆಯೆಂಬುದು ತಿಳಿದೀತು. ಡೊಂಬಿವಲಿಯಲ್ಲಿರುವ ನನ್ನ ಸೋದರಮಾವನ ಮಗಳ ಮನೆಯಲ್ಲಿ ಬೆಕ್ಕು ಸೋಫಾ ಕೆರೆದು ನೂಲು ತೆಗೆಯುತ್ತಿತ್ತು. ನಮ್ಮ ಪ್ರಬಂಧಗಳಲ್ಲಾದರೆ ಇದಕ್ಕೆ 'ಬೆಕ್ಕಿನ ಸೇಡು' ಎಂಬ ಶೀರ್ಷಿಕೆ ಬೀಳುತ್ತಿತ್ತು. ಬೆಕ್ಕಿಗೆ ಸೇಡಿನ ವಿಚಾರವೇ ಇಲ್ಲ. ಕೆರೆಯುವಾಗ ಉಗುರಿನ ಹೊರಗಿನ ಸವೆದ ಪದರ ಕಳಚುತ್ತದೆ, ಅಂಗಾಲಿನ ಗ್ರಂಥಿಗಳಿಂದ ಅದರ ವಾಸನೆ ಅಲ್ಲಿ ಅಂಟಿಕೊಳ್ಳುತ್ತದೆ, ಬೆನ್ನು ಭುಜಗಳ ಸೆಳೆತವೂ ಬಿಡುತ್ತದೆ. 'ಈ ಜಾಗ ನನ್ನದು' ಎಂದು ಸಹಿ ಹಾಕುವ ಕ್ರಮ ಅದು. ಮನೆಯಲ್ಲಿ ಎಲ್ಲರೂ ಹೆಚ್ಚು ಹೊತ್ತು ಕುಳಿತೇಳುವ ಸೋಫಾವನ್ನೇ ಅದು ಸಹಿಗೆ ಆರಿಸಿಕೊಂಡರೆ ಆಶ್ಚರ್ಯವೇನು?

ಆಕೆಯ ಗಂಡ ಒಂದು ಮರದ ಕಂಬ ತಂದು ಪ್ಲೈವುಡ್ ಹಲಗೆಯ ಮೇಲೆ ನಿಲ್ಲಿಸಿ, ಮೇಲಿನಿಂದ ಕೆಳಗಿನವರೆಗೆ ಸೆಣಬಿನ ಹಗ್ಗ ಸುತ್ತಿದರು. ಬೆಕ್ಕು ಮೂಸಿ ನೋಡಿ ಹೊರಟುಹೋಯಿತು. ಕಂಬ ಗಿಡ್ಡವಾಗಿತ್ತು, ಸಾಲದ್ದಕ್ಕೆ ಅಲುಗಾಡುತ್ತಿತ್ತು. ಮೈಯನ್ನು ಪೂರ್ತಿ ನೀಡಿ ಕೆರೆಯಲು ಬರದ ಕಂಬವನ್ನು ಬೆಕ್ಕು ಬಳಸುವುದಿಲ್ಲ, ಭಾರ ಹಾಕಿದಾಗ ವಾಲುವ ಕಂಬವನ್ನಂತೂ ಎರಡನೆಯ ಸಲ ಮುಟ್ಟುವುದಿಲ್ಲ. ಎರಡನೆಯ ಕಂಬ ಮೂರಡಿ ಎತ್ತರದ್ದಾಯಿತು, ಅಡಿಹಲಗೆಯೂ ಅಗಲವಾಯಿತು. ಹಗ್ಗ ಸುತ್ತುತ್ತ ಹೋದಾಗ ಕೊನೆಗೆ ಎಷ್ಟು ಸಾಲದೆ ಬಂತೆಂಬುದನ್ನು ನಾನು ಹೇಳಬೇಕಾಗಿಲ್ಲ. ಇಷ್ಟೆಲ್ಲ ನಡೆಯುವಾಗ ಬೆಕ್ಕು ಸುರುಳಿ ಬಿಚ್ಚಿದ ಹಗ್ಗದ ತುದಿಯ ಮೇಲೆ ಹಾರಿ ಬೀಳುತ್ತಿತ್ತು, ನೆಲಕ್ಕೆ ಹಾಸಿದ ಹಳೆಯ ಪತ್ರಿಕೆಯ ನಟ್ಟನಡುವೆ ಕುಳಿತುಕೊಳ್ಳುತ್ತಿತ್ತು. ಅದೂ ಕೆಲಸದ ಒಂದು ಭಾಗವೇ ಆಗಿಹೋಗಿತ್ತು.

ಇದರಲ್ಲಿ ದೊಡ್ಡ ಘಟನೆಯೆಂಬುದು ಯಾವುದೂ ಇಲ್ಲ. ಆದರೆ ಒಂದು ಜೀವದ ಮೈಯಳತೆಯನ್ನು ತಿಳಿಯಲು ಇನ್ನೊಂದು ಜೀವ ಎರಡು ಸಲ ಪ್ರಯತ್ನಿಸಿದ ಕಥೆ ಇದೆ. ಪ್ರಬಂಧಕ್ಕೆ ಬೇಕಾದ್ದು ಇದೇ. ಹೀಗೆಯೇ ಬಾಲ್ಕನಿಗೆ ನೈಲಾನ್ಬಲೆ ಕಟ್ಟುವ ಕೆಲಸವೂ ಉಂಟು. ಪಾರಿವಾಳ ಒಳಗೆ ಬಾರದಿರಲಿ ಎಂದು ಕಟ್ಟಿಸುವವರೇ ಹೆಚ್ಚು. ಬೆಕ್ಕಿರುವ ಮನೆಯಲ್ಲಿ ಅದು ಹೊರಗೆ ಬೀಳದಿರಲಿ ಎಂದು ಕಟ್ಟಬೇಕು. ಬಲೆ ಒಂದೇ, ಭಯ ಎರಡು. ನಾಯಿಮರಿ ಮೂರರಿಂದ ಆರು ತಿಂಗಳ ನಡುವೆ ಹಲ್ಲು ಬದಲಾಗುವಾಗ ಕುರ್ಚಿಯ ಕಾಲು ಕಡಿಯುತ್ತದೆ. ಆ ಕಾಲನ್ನು ಉಪ್ಪುಕಾಗದದಿಂದ ಉಜ್ಜಿ ಪಾಲಿಶ್ ಹಾಕುವವರಿಗೆ ಹಲ್ಲಿನ ಗುರುತು ಎಷ್ಟು ಆಳಕ್ಕೆ ಇಳಿದಿದೆಯೆಂದು ಬೆರಳಿಗೇ ಗೊತ್ತಾಗುತ್ತದೆ. ನಾಯಿ ಮುಂಗಾಲು ನೆಲಕ್ಕೆ ಚಾಚಿ, ಹಿಂಭಾಗ ಮೇಲೆತ್ತಿ ಬಾಗುವುದನ್ನು ನೋಡಿರಬಹುದು. ಇನ್ನು ಮುಂದೆ ಮಾಡುವುದೆಲ್ಲ ಆಟ, ಸಿಟ್ಟಾಗಬೇಡ ಎಂದು ಮೊದಲೇ ತಿಳಿಸುವ ಭಂಗಿ ಅದು. ನಮ್ಮ ಲೇಖಕರು ಇದನ್ನು 'ನಮಸ್ಕಾರ' ಎಂದು ಬರೆದು ಕೈತೊಳೆದುಕೊಳ್ಳುತ್ತಾರೆ. ಎಷ್ಟು ಸೂಕ್ಷ್ಮವಾದ ಕರಾರು ಅಲ್ಲಿದೆ ಎಂದು ಒಂದು ಗಳಿಗೆ ನಿಂತು ನೋಡಿದ್ದರೆ, ಅನ್ನಕ್ಕೆ ಕಾವಲೆಂಬ ಹಳೆಯ ಕರಾರಿನ ಜಾಗಕ್ಕೆ ಹೊಸದೊಂದು ಸಿಗುತ್ತಿತ್ತು.

ಇನ್ನು ಭಾಷೆಯ ಮಾತು. ಇಂಥ ಪ್ರಬಂಧಗಳು ಬಡವಾಗುವುದಕ್ಕೆ ನೋಟದ ಅವಸರವೊಂದೇ ಕಾರಣವಲ್ಲ, ಹೆಸರುಗಳ ಬಡತನವೂ ಕಾರಣ. ಸುತ್ತಿಗೆ, ಇಕ್ಕಳ, ಉಳಿ, ಬೈರಿಗೆ, ಗರಗಸ, ತಿರುಪು ಇವೆಲ್ಲ ನಮ್ಮ ಮಾತುಗಳೇ. ಇಲ್ಲಿ ಸುತ್ತಿಗೆ ಹಾತೋಡಿಯಾಗಿದೆ, ಇಕ್ಕಳ ಪಕ್ಕಡ್ ಆಗಿದೆ. ಬಳಕೆಯ ಮಾತು ಹಾಗಿದ್ದರೆ ತಪ್ಪೇನಿಲ್ಲ. ಹಾತೋಡಿ ಎಂದೇ ಬರೆಯಿರಿ, ಬರಹ ನಿಜವಾಗುತ್ತದೆ. ಆದರೆ 'ಏನೋ ಒಂದು ಸಲಕರಣೆ', 'ಅದೇನೋ ಯಂತ್ರ' ಎಂದು ನಗೆ ತರಿಸಲು ಬರೆಯುವುದುಂಟಲ್ಲ, ಅದು ಸೋಮಾರಿತನ. ಹೆಸರಿಡಲಾರದ ಕೈಯಿಂದ ಹಲಗೆ ನಿಲ್ಲುವುದೂ ಕಷ್ಟ, ವಾಕ್ಯ ನಿಲ್ಲುವುದೂ ಕಷ್ಟ.

ಪ್ರಾಣಿಯ ಜೊತೆಗಿನ ಮಾತು ಇದಕ್ಕಿಂತ ಸ್ವಾರಸ್ಯವಾದದ್ದು. ನಮ್ಮ ಮನೆಗಳಲ್ಲಿ ನಾಯಿಗೆ 'ಸಿಟ್', 'ಕಮ್', 'ನೋ' ಎಂದು ಇಂಗ್ಲಿಷಿನಲ್ಲೇ ಅಪ್ಪಣೆ. ಮಕ್ಕಳು ಅದಕ್ಕೆ ಹಿಂದಿಯಲ್ಲಿ ಮುದ್ದು ಮಾಡುತ್ತಾರೆ. ಕನ್ನಡದಲ್ಲಿ ಅದನ್ನು ಮಾತನಾಡಿಸುವವರು ಸಾಮಾನ್ಯವಾಗಿ ಅಜ್ಜಿ ಒಬ್ಬರೇ. ಅವರದು ಅಪ್ಪಣೆಯಲ್ಲ, ಉದ್ದನೆಯ ಸಂಭಾಷಣೆ. 'ಬೆಳಗಿಂದ ಒಂದೇ ಸಮ ಕುಣೀತಿದೀಯಲ್ಲ, ಸುಸ್ತಾಗಲ್ವೇನೋ ನಿನಗೆ? ಆ ಬಟ್ಟೆ ಒಣಗಿಸೋ ಹಗ್ಗ ಬಿಡು. ಬಿಡು ಅಂದೆ. ಹಚಾ!' ಮೊಮ್ಮಕ್ಕಳು ಅಜ್ಜಿಯ ಪ್ರಶ್ನೆಗೆ ಇಂಗ್ಲಿಷಿನಲ್ಲಿ ಉತ್ತರ ಕೊಡುವ ಮನೆಯಲ್ಲಿ, ಅಜ್ಜಿ ಕನ್ನಡದ ಪೂರ್ತಿ ವಾಕ್ಯಗಳನ್ನು ಖರ್ಚು ಮಾಡುವುದು ನಾಯಿಯೊಂದರ ಮೇಲೆ. ಅದು ಉತ್ತರ ಕೊಡುವುದಿಲ್ಲ, ಆದರೆ ತಲೆ ಓರೆಮಾಡಿ ಕೇಳಿಸಿಕೊಳ್ಳುತ್ತದೆ. ಪರವೂರ ಕನ್ನಡದ ಸ್ಥಿತಿಗತಿಯ ಬಗ್ಗೆ ನಾವು ವರ್ಷಕ್ಕೊಂದು ವಿಚಾರಸಂಕಿರಣ ನಡೆಸುತ್ತೇವೆ. ಆ ಅಜ್ಜಿಯ ಮಾತನ್ನು ಇದ್ದ ಹಾಗೆ ಬರೆದುಕೊಂಡರೆ ಆ ಸಂಕಿರಣದ ಎಷ್ಟೋ ಪ್ರಬಂಧಗಳಿಗಿಂತ ಅದು ಹೆಚ್ಚು ಹೇಳೀತು. ನಮ್ಮ ಲಲಿತ ಪ್ರಬಂಧಗಳಲ್ಲಿ ಅಜ್ಜಿ ಬರುತ್ತಾರೆ, ಆದರೆ 'ಮಡಿಯ ಅಜ್ಜಿ ನಾಯಿ ಕಂಡು ಕಿರುಚಿದರು' ಎಂಬ ಒಂದೇ ಸಾಲಿಗೆ. ಅದು ಅಚ್ಚಿನ ಇನ್ನೊಂದು ಮೂಲೆ.

ಬೆಕ್ಕು ನಾಯಿಗಳ ಮಾತಷ್ಟೇ ಆಯಿತು, ಗಿಳಿಯ ಸುದ್ದಿ ಎತ್ತಲಿಲ್ಲವೆಂದು ಕೆಲವರು ಆಕ್ಷೇಪಿಸಬಹುದು. ಹಳೆಯ ಕಥೆಗಳಲ್ಲಿ, ಸಿನಿಮಾಗಳಲ್ಲಿ ಪಂಜರದ ಗಿಳಿಯಿಲ್ಲದ ಜಗಲಿಯೇ ಇಲ್ಲ. ಆದರೆ ನಮ್ಮ ನಾಡಿನ ಗಿಳಿಗಳನ್ನು ಹಿಡಿದು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಅದರ ಪಂಜರವನ್ನು ಸಾಹಿತ್ಯದಲ್ಲಿ ಏನು ಮಾಡಬೇಕೆಂಬುದು ಬೇರೆಯೇ ಚರ್ಚೆ. ಸಂಪಾದಕರು ಜಾಗ ಕೊಟ್ಟರೆ ಇನ್ನೊಮ್ಮೆ ಬರೆಯುತ್ತೇನೆ.